ಹತ್ತು ವರ್ಷದ ಲ್ಯಾಪ್‌ಟಾಪಿಗೆ ಲಿನಕ್ಸ್: ಪೆರ್ಲ ಕಡೆಯ ಒಂದು ಮನೆಯ ಪ್ರಕರಣ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ, ಅಂದರೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್, ಮುಗಿಯಿತು. ಅಲ್ಲಿಂದ ಮುಂದೆ ‘ಹಳೇ ಲ್ಯಾಪ್‌ಟಾಪ್ ಎಂತ ಮಾಡುವುದು’ ಎಂದು ಕೇಳುವವರು ನಮ್ಮ ಕಾಸರಗೋಡು ಕಡೆಯಲ್ಲೂ ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಹಾಗಾಗಿ ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೊಂಡ ಒಂದೇ ಮನೆಯ, ಒಂದೇ ಯಂತ್ರದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತೇನೆ. ಮನೆಯವರು ಬರೆಯಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ಮನೆ ಪೆರ್ಲದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಅಡಿಕೆ ತೋಟ ಉಂಟು. ಯಜಮಾನರು ಊರಿನ ಭಜನಾ ಮಂದಿರದ ಕಾರ್ಯದರ್ಶಿ. ನೋಟೀಸು, ಆಮಂತ್ರಣ, ವರ್ಷದ ವರದಿ ಎಲ್ಲವನ್ನೂ ‘ನುಡಿ’ಯಲ್ಲಿ ತಾವೇ ಟೈಪ್ ಮಾಡುತ್ತಾರೆ. ಅಕ್ಕ, ಅಂದರೆ ಯಜಮಾನರ ಹೆಂಡತಿ, ಕುಟುಂಬಶ್ರೀ ಅಯಲ್ಕೂಟದ (ನೆರೆಕರೆಯ ಹೆಂಗಸರ ಸ್ವಸಹಾಯ ಗುಂಪಿನ) ಲೆಕ್ಕ ಬರೆಯುತ್ತಾರೆ. ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಮಗ ಮಂಗಳೂರಿನಲ್ಲಿ ಓದುತ್ತಾನೆ, ಅವನಿಗೆ ಬೇರೆ ಲ್ಯಾಪ್‌ಟಾಪ್ ಇದೆ.

ಈ ಮನೆಯ ಲ್ಯಾಪ್‌ಟಾಪ್ 2015ರದ್ದು. ನಾಲ್ಕನೇ ತಲೆಮಾರಿನ ಕೋರ್ ಐ3, 4 ಜಿಬಿ ರ್‍ಯಾಮ್, 500 ಜಿಬಿ ತಿರುಗುವ ಹಾರ್ಡ್ ಡಿಸ್ಕ್. ಬರುವಾಗ ವಿಂಡೋಸ್ 8.1 ಇತ್ತು, ಆಮೇಲೆ ಉಚಿತ ಅಪ್‌ಗ್ರೇಡ್ ಬಂದಾಗ 10 ಆಯಿತು. 2020ರಲ್ಲಿ ಶಾಲೆ ಮುಚ್ಚಿ ಕೇರಳದ ‘ಫಸ್ಟ್ ಬೆಲ್’ ಆನ್‌ಲೈನ್ ಪಾಠ ನಡೆಯುತ್ತಿದ್ದಾಗ ಇಬ್ಬರು ಮಕ್ಕಳೂ ಇದರ ಮುಂದೆಯೇ ಕೂತಿದ್ದರು. ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ಪ್ಲಗ್ ತೆಗೆದರೆ ಆ ಕ್ಷಣಕ್ಕೆ ಆಫ್.

ಅವರ ದೂರು ಮೂರು. ಆನ್ ಮಾಡಿ ಚಾ ಕುಡಿದು ಬಂದರೂ ಸಿದ್ಧವಾಗುವುದಿಲ್ಲ. ಬ್ರೌಸರ್ ತೆರೆದರೆ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಯಾವ ಸೈಟೂ ತೆರೆಯುವುದಿಲ್ಲ. ಈಗ ಇದರ ಮೇಲೆ, ಬೆಂಬಲ ಮುಗಿಯಿತು ಎಂಬ ಸೂಚನೆ ಬೇರೆ. ಅಂಗಡಿಯಲ್ಲಿ ತೋರಿಸಿದಾಗ ‘ಇದಕ್ಕೆ ವಿಂಡೋಸ್ 11 ಬರುವುದಿಲ್ಲ, ಹೊಸದು ತೆಗೆಯಿರಿ’ ಎಂದರಂತೆ. ಮೊದಲರ್ಧ ನಿಜ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಎರಡನೇ ಅರ್ಧದ ಬಗ್ಗೆ ನನಗೆ ಸಂಶಯ ಇತ್ತು.

ಮೊದಲು ನೋಡಿದ್ದು

ಲಿನಕ್ಸ್ ವಿಷಯ ತೆಗೆಯುವ ಮೊದಲು ಇದ್ದ ವಿಂಡೋಸಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಸುಮ್ಮನೆ ಕೂತಿದೆ. ಡಿಸ್ಕ್ ಮಾತ್ರ ನೂರಕ್ಕೆ ನೂರು. ಏನೂ ಮಾಡದೆ ಇರುವಾಗಲೂ ಕೆಳಗೆ ಬರುವುದಿಲ್ಲ. ರ್‍ಯಾಮ್ ಸಾಲದೆ ಬಂದಾಗ ವಿಂಡೋಸ್ ಡಿಸ್ಕಿನ ಮೇಲೆ ಬರೆಯುತ್ತದೆ, ಆ ಡಿಸ್ಕೇ ನಿಧಾನ. ಅಲ್ಲಿಗೆ ಎಲ್ಲ ಸಿಕ್ಕಿಬೀಳುತ್ತದೆ.

ಬ್ರೌಸರಿನ ತಕರಾರು ಇನ್ನೂ ಸುಲಭದ್ದು. ಗಡಿಯಾರ ನೋಡಿದರೆ ತಾರೀಕು ಹತ್ತು ವರ್ಷ ಹಿಂದೆ ಹೋಗಿತ್ತು! ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಲ್ಯಾಪ್‌ಟಾಪ್ ಆಫ್ ಇದ್ದಾಗ ಗಡಿಯಾರವನ್ನು ನಡೆಸುವುದು ಅದು. ಅದೂ ಸತ್ತು, ದೊಡ್ಡ ಬ್ಯಾಟರಿಯೂ ಸತ್ತರೆ, ಪ್ಲಗ್ ತೆಗೆದ ಕೂಡಲೇ ತಾರೀಕು ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ‘ಇಂದಿನಿಂದ ಇಲ್ಲಿವರೆಗೆ’ ಎಂಬ ಅವಧಿ ಇದೆ. ಹತ್ತು ವರ್ಷ ಹಿಂದಿನ ತಾರೀಕಿನಲ್ಲಿ ನಿಂತು ನೋಡಿದರೆ ಯಾವ ಪ್ರಮಾಣಪತ್ರವೂ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಬ್ರೌಸರ್ ಒಪ್ಪುವುದಿಲ್ಲ. ಹಿಂಗಾರಿನ ಗುಡುಗು ಶುರುವಾದ ಮೇಲೆ ಮಧ್ಯಾಹ್ನ ಆದ ಕೂಡಲೇ ಈ ಮನೆಯಲ್ಲಿ ಎಲ್ಲ ಪ್ಲಗ್ ಕಿತ್ತಿಡುತ್ತಾರೆ. ಅದು ಸರಿಯಾದ ಅಭ್ಯಾಸವೇ. ಆದರೆ ಅದರಿಂದಾಗಿ ದಿನಾ ತಾರೀಕು ಹೋಗುತ್ತಿತ್ತು, ಇವರು ದಿನಾ ನೆಟ್‌ನವರನ್ನು ಬೈಯುತ್ತಿದ್ದರು.

ನಿಧಾನದ ಕಾರಣ ಡಿಸ್ಕು, ಸೈಟ್ ತೆರೆಯದ ಕಾರಣ ಸಣ್ಣ ಬ್ಯಾಟರಿ. ಎರಡರಲ್ಲೂ ವಿಂಡೋಸಿನದ್ದು ಪೂರ್ತಿ ತಪ್ಪಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಲಿನಕ್ಸ್ ಹಾಕಿದ ತಕ್ಷಣ ಹಳೇ ಯಂತ್ರ ಹೊಸದಾಗುತ್ತದೆ ಎಂದು ಹೇಳುವವರ ಮಾತು ಕೇಳಿ ಹಾಕಿಸಿಕೊಂಡು, ಆಮೇಲೆ ‘ಅದೂ ಅಷ್ಟೇ’ ಎಂದು ಬಿಟ್ಟವರನ್ನು ನೋಡಿದ್ದೇನೆ. ಕೆಟ್ಟ ಡಿಸ್ಕಿನ ಮೇಲೆ ಏನು ಹಾಕಿದರೂ ಅದು ಕೆಟ್ಟ ಡಿಸ್ಕೇ.

ಮನೆಯಲ್ಲಿ ಮೊದಲೇ ಒಬ್ಬಳು ಇದ್ದಳು

‘ಲಿನಕ್ಸ್ ಅಂದರೆ ನಮಗೆ ಬರುವುದಿಲ್ಲ ಮಾರಾಯ್ರೆ, ಅದೆಲ್ಲ ಇಂಜಿನಿಯರ್‌ಗಳಿಗೆ’ ಎಂದರು ಯಜಮಾನರು. ಮಗಳು ಒಳಗಿಂದಲೇ ಹೇಳಿದಳು: ‘ಅಪ್ಪ, ಶಾಲೆಯಲ್ಲಿ ಇರುವುದು ಅದೇ.’

ಗಡಿಯ ಆಚೆ, ಪುತ್ತೂರು ಮಂಗಳೂರಿನವರಿಗೆ ಇದು ಆಶ್ಚರ್ಯ ಅನಿಸಬಹುದು. ಕೇರಳದಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಶುರುವಾಯಿತು. ಅದೇ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಇಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ವರ್ಷಗಳಿಂದ ನಡೆಯುತ್ತಿರುವುದು ಜಿಎನ್‌ಯು/ಲಿನಕ್ಸ್. 2023ರಲ್ಲಿ ಬಿಟ್ಟ ‘ಕೈಟ್ ಜಿಎನ್‌ಯು/ಲಿನಕ್ಸ್ 22.04’ ಉಬುಂಟು 22.04 ಎಂಬ ಲಿನಕ್ಸ್ ಬಗೆಯ ಮೇಲೆ ಕಟ್ಟಿದ್ದು. ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಗಣಿತದ ಜಿಯೋಜೀಬ್ರಾ, ಬರೆಯಲು ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್, ಪ್ರೋಗ್ರಾಮಿಂಗಿಗೆ ಪೈಥಾನ್ ಎಲ್ಲ ಅವರಿಗೆ ಪಾಠದ ಭಾಗ. ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪರೀಕ್ಷೆಯನ್ನು ಕಂಪ್ಯೂಟರಿನಲ್ಲೇ ಬರೆಯಬೇಕು.

ಅಂದರೆ ಮನೆಯ ಮಗಳು ವರ್ಷಗಳಿಂದ ಲಿನಕ್ಸ್ ಬಳಸುತ್ತಿದ್ದಾಳೆ, ಮನೆಯಲ್ಲಿ ಮಾತ್ರ ವಿಂಡೋಸ್! ಹೊಸಬರು ‘ಯಾವ ಡಿಸ್ಟ್ರೋ (ಲಿನಕ್ಸಿನ ಬಗೆ) ಒಳ್ಳೆಯದು’ ಎಂದು ಹುಡುಕುವುದರಲ್ಲೇ ವಾರಗಟ್ಟಲೆ ಕಳೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದದ್ದು, ಸಿಕ್ಕಿಬಿದ್ದಾಗ ಪಕ್ಕದಲ್ಲಿ ಯಾರಿದ್ದಾರೆ ಎಂದು. ಈ ಮನೆಯಲ್ಲಿ ಮಗಳಿದ್ದಾಳೆ. ಅವಳಿಗೆ ಗೊತ್ತಾಗದಿದ್ದರೆ ಶಾಲೆಯ ಐಟಿ ಟೀಚರ್ ಇದ್ದಾರೆ. ಉಬುಂಟು ಕುಟುಂಬದ ಯಾವುದನ್ನು ಹಾಕಿದರೂ ಈ ಸಹಾಯ ಉಪಯೋಗಕ್ಕೆ ಬರುತ್ತದೆ. ಬೇರೆ ಕುಟುಂಬದ ಫೆಡೋರಾವನ್ನೋ ಆರ್ಚನ್ನೋ ಹಾಕಿದರೆ ಅರ್ಧಕ್ಕರ್ಧ ಹೋಗುತ್ತದೆ. ಅಲ್ಲಿಗೆ ಪಟ್ಟಿ ಚಿಕ್ಕದಾಯಿತು.

ಉಳಿದದ್ದು ಎರಡು. ಒಂದು, ಶಾಲೆಯ ಕೈಟ್ ಲಿನಕ್ಸನ್ನೇ ಹಾಕುವುದು. ಇನ್ನೊಂದು ಉಬುಂಟು ಕುಟುಂಬದ್ದೇ ಆದ ಲಿನಕ್ಸ್ ಮಿಂಟ್, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನ ಆವೃತ್ತಿ. ಮಗಳು ಮೊದಲನೆಯದರ ಪರ. ಅವಳ ವಾದದಲ್ಲಿ ಹುರುಳಿತ್ತು: ಪಾಠದ ತಂತ್ರಾಂಶ ಎಲ್ಲ ಒಳಗೇ ಇರುತ್ತದೆ. ಆದರೆ ದಿನದ ಹೆಚ್ಚಿನ ಹೊತ್ತು ಲ್ಯಾಪ್‌ಟಾಪ್ ಇರುವುದು ಅಪ್ಪ ಅಮ್ಮನ ಕೈಯಲ್ಲಿ. ಅವರಿಗೆ ಬೇಕಾದದ್ದು ಬ್ರೌಸರ್, ಟೈಪಿಂಗ್, ಪ್ರಿಂಟ್. ಉಬುಂಟು 22.04ರ ಸಾಮಾನ್ಯ ಬೆಂಬಲ 2027ಕ್ಕೆ ಮುಗಿಯುತ್ತದೆ. ಮಿಂಟ್ 22 ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಮಿಂಟ್‌ನವರು ಕೇಳುವುದು ಕನಿಷ್ಠ 2 ಜಿಬಿ ರ್‍ಯಾಮ್, ಆರಾಮಾಗಿ ಬಳಸಲು 4 ಜಿಬಿ. ಕೆಳಗೆ ಎಡಗಡೆ ಮೆನು, ಕೆಳಗೇ ಪಟ್ಟಿ, ಬಲಗಡೆ ಗಡಿಯಾರ. ವಿಂಡೋಸಿನಿಂದ ಬರುವವರ ಕೈ ತಡವರಿಸುವುದಿಲ್ಲ. ಮಿಂಟ್ 22.2 ಎಂದು ತೀರ್ಮಾನವಾಯಿತು. ಮಗಳ ತಂತ್ರಾಂಶ ಆಮೇಲೆ ಸೇರಿಸುವುದು ಎಂಬ ಷರತ್ತಿನ ಮೇಲೆ.

ಇಲ್ಲೊಂದು ಮಾತು. ಈ ಯಂತ್ರ 64 ಬಿಟ್‌ನದ್ದು, ಆದ್ದರಿಂದ ಈ ಆಯ್ಕೆ ಇತ್ತು. ಇನ್ನೂ ಹಳೆಯ, 32 ಬಿಟ್ ಆಟಮ್ ಪ್ರೊಸೆಸರಿನ ಪುಟ್ಟ ನೆಟ್‌ಬುಕ್ ಇದ್ದರೆ ಮಿಂಟ್ 22 ಬರುವುದಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಇನ್ನೊಂದು ಲಿನಕ್ಸ್ ಕೂಡ 32 ಬಿಟ್ ಇನ್‌ಸ್ಟಾಲರನ್ನು ಕೈಬಿಟ್ಟಿತು. ಅಂಥ ಯಂತ್ರಕ್ಕೆ ಹಣ ಹಾಕದಿರುವುದೇ ಒಳ್ಳೆಯದು.

ಪೆನ್‌ಡ್ರೈವಿನಿಂದ ನಡೆಸಿ ನೋಡಿದ್ದು

ಲಿನಕ್ಸಿನ ದೊಡ್ಡ ಅನುಕೂಲ ಎಂದರೆ ಹಾಕುವ ಮೊದಲೇ ನಡೆಸಿ ನೋಡಬಹುದು. ಪೆನ್‌ಡ್ರೈವಿಗೆ ಮಿಂಟಿನ ಐಎಸ್ಒ ಫೈಲನ್ನು (ಇಡೀ ಮಿಂಟ್ ಇರುವ ಒಂದೇ ಫೈಲು) ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಬರೆಯುವುದು, ಅದರಿಂದಲೇ ಲ್ಯಾಪ್‌ಟಾಪನ್ನು ಬೂಟ್ ಮಾಡುವುದು, ಅಂದರೆ ಶುರುಮಾಡುವುದು. ಒಳಗಿನ ಡಿಸ್ಕಿಗೆ ಕೈಹಾಕುವ ಪ್ರಮೇಯವೇ ಇಲ್ಲ. ಹೊಸಬರು ಈ ಹೆಜ್ಜೆ ಬಿಟ್ಟು ನೇರ ಇನ್‌ಸ್ಟಾಲ್‌ಗೆ ಹೋಗಬಾರದು. ವೈಫೈ, ಶಬ್ದ, ಕ್ಯಾಮೆರಾ, ಟಚ್‌ಪ್ಯಾಡ್, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರವಾಗುವುದು, ಇವಿಷ್ಟನ್ನು ಇಲ್ಲೇ ನೋಡಿಕೊಂಡರೆ ಆಮೇಲಿನ ಬೇಸರ ತಪ್ಪುತ್ತದೆ.

ಈ ಯಂತ್ರದಲ್ಲಿ ಬಯೋಸಿಗೆ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗಿಗೆ) ಹೋಗುವುದೇ ಒಂದು ಸಾಹಸವಾಯಿತು. ಯಾವ ಎಫ್ ಕೀ ಒತ್ತಿದರೂ ವಿಂಡೋಸೇ ಬರುತ್ತಿತ್ತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಇದಕ್ಕೆಂದೇ ಪವರ್ ಬಟನ್ ಹತ್ತಿರ ಅಥವಾ ಬದಿಯಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಲ್ಯಾಪ್‌ಟಾಪ್ ಆಫ್ ಇರುವಾಗ ಅದರೊಳಗಿನ ಗುಂಡಿ ಒತ್ತಬೇಕು. ಅಕ್ಕ ಸೆರಗಿನ ಪಿನ್ನು ತೆಗೆದು ಕೊಟ್ಟರು. ಒತ್ತಿದ ಕೂಡಲೇ ಮೆನು ಬಂತು. ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶ ಶುರುವಾಗದಂತೆ ತಡೆಯುವ ಕಾವಲು) ಆಫ್ ಮಾಡಿದೆವು, ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿದೆವು. ಸೆಕ್ಯೂರ್ ಬೂಟ್ ಇದ್ದರೂ ಮಿಂಟ್ ನಡೆಯುತ್ತದೆ. ಇಲ್ಲಿ ಅದನ್ನು ತೆಗೆದ ಕಾರಣ ಮುಂದೆ ಬರುತ್ತದೆ.

ಮಿಂಟ್ ಬಂತು. ಶಬ್ದ ಸರಿ, ಕ್ಯಾಮೆರಾ ಸರಿ, ಟಚ್‌ಪ್ಯಾಡ್ ಸರಿ. ವೈಫೈ ಇಲ್ಲ. ಪಟ್ಟಿಯಲ್ಲಿ ಒಂದೂ ಹೆಸರಿಲ್ಲ.

ಇದು ಈ ಕಾಲದ ಲ್ಯಾಪ್‌ಟಾಪುಗಳಲ್ಲಿ ಬಹಳ ಸಾಮಾನ್ಯ. ಒಳಗಿದ್ದದ್ದು ಬ್ರಾಡ್‌ಕಾಮಿನ ಬಿಸಿಎಂ43142 ಚಿಪ್. ಅದರ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಮುಕ್ತವಲ್ಲ, ಹಾಗಾಗಿ ತಾನಾಗಿ ಸೇರಿಕೊಳ್ಳುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು! ಹೊಸಬರಲ್ಲಿ ಅರ್ಧ ಮಂದಿ ಬಿಟ್ಟುಹೋಗುವುದು ಇಲ್ಲೇ. ಉಪಾಯ ತುಂಬಾ ಸರಳ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮೊಬೈಲಿನ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಬೇಕು. ಲಿನಕ್ಸ್ ಅದನ್ನು ವೈರಿನ ನೆಟ್ ಎಂದೇ ತಿಳಿಯುತ್ತದೆ. ಯಾವ ಡ್ರೈವರೂ ಬೇಡ. ಮೊಬೈಲು ಮನೆಯ ವೈಫೈಯಲ್ಲಿದ್ದರೆ ಡೇಟಾ ಕೂಡ ಖರ್ಚಾಗುವುದಿಲ್ಲ.

ನೆಟ್ ಬಂದ ಸ್ವಲ್ಪ ಹೊತ್ತಿಗೆ ಗಡಿಯಾರವೂ ತನ್ನಷ್ಟಕ್ಕೆ ಸರಿಯಾಯಿತು. ‘ಇದು ಹೇಗೆ?’ ಎಂದರು ಯಜಮಾನರು. ಮಿಂಟ್ ನೆಟ್‌ನಿಂದ ಸಮಯ ತೆಗೆದುಕೊಳ್ಳುತ್ತದೆ. ಅಷ್ಟೇ ಅಲ್ಲ, ಡಿಸ್ಕಿಗೆ ಹಾಕಿದ ಮೇಲೆ ಕೊನೆಯ ಸಲ ಗೊತ್ತಿದ್ದ ಸಮಯವನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಅದಕ್ಕಿಂತ ಹಿಂದೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ಹಾಗೆಂದು ಆ ನಾಣ್ಯದಂಥ ಸಣ್ಣ ಬ್ಯಾಟರಿಯನ್ನು ಬದಲಾಯಿಸದೆ ಬಿಡಲಿಲ್ಲ. ಹೇಗೂ ಬಿಚ್ಚುವುದಿತ್ತು.

ಇದೇ ಪೆನ್‌ಡ್ರೈವ್ ಮಿಂಟಿನಲ್ಲಿ ‘ಡಿಸ್ಕ್ಸ್’ ಎಂಬ ತಂತ್ರಾಂಶ ಇದೆ. ಅದರ ಮೆನುವಿನಲ್ಲಿ ‘ಸ್ಮಾರ್ಟ್ ಡೇಟಾ’ ತೆರೆದರೆ ಡಿಸ್ಕು ತನ್ನ ಆರೋಗ್ಯವನ್ನು ತಾನೇ ಹೇಳುತ್ತದೆ. ಅಲ್ಲಿ ‘ರಿಅಲೊಕೇಟೆಡ್ ಸೆಕ್ಟರ್’ ಮತ್ತು ‘ಪೆಂಡಿಂಗ್ ಸೆಕ್ಟರ್’ ಎಂಬ ಎರಡು ಸಾಲು ಸೊನ್ನೆ ಇರಬೇಕು. ಇಲ್ಲಿ ಎರಡೂ ಸೊನ್ನೆ ಇರಲಿಲ್ಲ. ಡಿಸ್ಕು ಸಾಯುತ್ತಿತ್ತು. ಕೂಡಲೇ ಬೇರೆಲ್ಲ ಬಿಟ್ಟು ಫೈಲು ಕಾಪಿ ಮಾಡಲು ಕೂತೆವು. ಮಂದಿರದ ಫೋಲ್ಡರ್ ಮೊದಲು, ಮಕ್ಕಳ ಫೋಟೋ ಆಮೇಲೆ, ಸಿನಿಮಾ ಕೊನೆಗೆ. ಇಂಥ ಡಿಸ್ಕಿನ ಮೇಲೆ ಉದ್ದದ ಪರೀಕ್ಷೆ ನಡೆಸುತ್ತಾ ಕೂರಬಾರದು, ಇರುವುದನ್ನು ಮೊದಲು ಹೊರಗೆ ತೆಗೆಯಬೇಕು.

ಕಾಪಿ ಮಾಡುವವರಿಗೆ ಇನ್ನೊಂದು ತೊಡಕು ಎದುರಾಗಬಹುದು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮಲಗಿರುವುದಿಲ್ಲ. ಆಗ ಲಿನಕ್ಸ್ ಆ ಡ್ರೈವನ್ನು ತೆರೆಯಲು ಹಿಂದೇಟು ಹಾಕುತ್ತದೆ, ಇಲ್ಲವೇ ಓದಲು ಮಾತ್ರ ಬಿಡುತ್ತದೆ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿದರೆ ಸರಿಯಾಗುತ್ತದೆ.

ಡಿಸ್ಕು ಬದಲಿಸಿದ್ದು

‘ವಿಂಡೋಸೂ ಇರಲಿ, ಒಟ್ಟಿಗೆ ಇದನ್ನೂ ಹಾಕಿ’ ಎಂದಿದ್ದರು ಯಜಮಾನರು. ಎಲ್ಲರೂ ಹೇಳುವುದು ಇದನ್ನೇ. ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಡಬಹುದು, ಕಷ್ಟವೇನಲ್ಲ. ಆದರೆ ಹೊಸಬರು ಎಡವುವ ಜಾಗ ಅದೇ: ಪಾರ್ಟಿಷನ್ (ಡಿಸ್ಕಿನ ಭಾಗ) ಕಿರಿದು ಮಾಡುವುದು, ಯಾವುದರ ಮೇಲೆ ಬರೆಯುತ್ತಿದ್ದೇನೆ ಎಂದು ಗೊಂದಲ ಬೀಳುವುದು. ಇಲ್ಲಿ ಹೇಗೂ ಹೊಸ ಡಿಸ್ಕು ಬೇಕಿತ್ತು. ಎರಡೂವರೆ ಇಂಚಿನ 240 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕು) ತರಿಸಿದರು, ಎರಡು ಸಾವಿರ ರೂಪಾಯಿಯ ಆಸುಪಾಸು. ಹಳೆಯ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಟ್ಟೆವು, ವಿಂಡೋಸ್ ಸಮೇತ, ಇದ್ದ ಹಾಗೆ. ಲಿನಕ್ಸ್ ಒಗ್ಗದಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಅದನ್ನೇ ಹಾಕಿದರಾಯಿತು. ಮನೆಯವರಿಗೆ ಧೈರ್ಯ ಬಂದದ್ದು ಈ ಮಾತಿನಿಂದ, ನಾನು ಹೇಳಿದ ಬೇರೆ ಯಾವ ಮಾತಿನಿಂದಲೂ ಅಲ್ಲ. ಹೊಸ ಡಿಸ್ಕು ಮಾತ್ರ ಒಳಗಿರುವಾಗ ಇನ್‌ಸ್ಟಾಲರ್ ‘ಡಿಸ್ಕ್ ಅಳಿಸಿ ಹಾಕಲೇ’ ಎಂದು ಕೇಳಿದರೆ ಹೆದರದೆ ಹೌದೆನ್ನಬಹುದು.

ಬಿಚ್ಚಿದಾಗ ಇನ್ನೊಂದು ಒಳ್ಳೆಯದಾಯಿತು, ರ್‍ಯಾಮ್ ಹಾಕುವ ಒಂದು ಸ್ಲಾಟ್ ಖಾಲಿ ಇತ್ತು. ಮಂಗಳೂರಿನಿಂದ ಮಗ ಸೆಕೆಂಡ್ ಹ್ಯಾಂಡ್ 4 ಜಿಬಿಯದ್ದೊಂದು ತಂದ. ಈ ತಲೆಮಾರಿನ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ನೋಡಲು ಒಂದೇ ಥರ ಇರುವ 1.5 ವೋಲ್ಟಿನ ಸಾದಾ ಡಿಡಿಆರ್3 ಹಾಕಿದರೆ ಆನ್ ಆಗುವುದಿಲ್ಲ ಎಂಬ ಸ್ಥಿತಿ ಬರುತ್ತದೆ. ಚೀಟಿಯ ಮೇಲೆ ‘ಎಲ್’ ಅಕ್ಷರ ನೋಡಿ ತಾ ಎಂದು ಮೊದಲೇ ಹೇಳಿದ್ದೆ.

ಇನ್‌ಸ್ಟಾಲ್ ಮಾಡಿದ್ದು ಬೆಳಗ್ಗೆ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪು, ತುಲಾ ತಿಂಗಳ ಮಧ್ಯಾಹ್ನದ ಗುಡುಗು, ಕರೆಂಟಿನ ಭರವಸೆ ಇಲ್ಲ. ಇನ್ವರ್ಟರ್ ಇರುವ ಪ್ಲಗ್ಗಿಗೆ ಹಾಕಿ ಕೂತೆವು. ಪೇಟೆಯವರು ನಗಬಹುದು, ಆದರೆ ಅರ್ಧದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಅಲ್ವಾ? ಹಾಕುವುದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಭಾಷೆ, ಊರಿನ ಸಮಯ, ಹೆಸರು, ಪಾಸ್‌ವರ್ಡ್. ಮಾಧ್ಯಮ ಕೋಡೆಕ್ (ಹಾಡು, ವೀಡಿಯೊ ನಡೆಸಲು ಬೇಕಾದದ್ದು) ಹಾಕಲೇ ಎಂದು ಕೇಳುವಲ್ಲಿ ಟಿಕ್ ಹಾಕಬೇಕು, ಅಷ್ಟೇ.

ಆಮೇಲೆ ಮತ್ತೆ ಮೊಬೈಲು ಸಿಕ್ಕಿಸಿ ‘ಡ್ರೈವರ್ ಮ್ಯಾನೇಜರ್’ ತೆರೆದೆವು. ಬ್ರಾಡ್‌ಕಾಮ್ ಡ್ರೈವರ್ ಅಲ್ಲೇ ಇತ್ತು. ಆರಿಸಿ, ರೀಸ್ಟಾರ್ಟ್ ಮಾಡಿದ ಮೇಲೆ ವೈಫೈ ಪಟ್ಟಿ ಬಂತು. ಈ ಡ್ರೈವರ್ ನಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳುವಂಥದ್ದು. ಸೆಕ್ಯೂರ್ ಬೂಟ್ ಇದ್ದರೆ ಅದಕ್ಕೆ ಬೇರೆಯಾಗಿ ಒಂದು ಕೀ ನೋಂದಾಯಿಸಬೇಕಾಗುತ್ತದೆ, ನೀಲಿ ಪರದೆಯೊಂದು ಬಂದು ಪಾಸ್‌ವರ್ಡ್ ಕೇಳುತ್ತದೆ. ಹೊಸಬರು ಅದನ್ನು ನೋಡಿ ಕೆಟ್ಟುಹೋಯಿತು ಎಂದುಕೊಳ್ಳುತ್ತಾರೆ. ಮೊದಲೇ ಆಫ್ ಮಾಡಿದ್ದು ಅದಕ್ಕೇ. ಕೊನೆಗೆ ‘ಟೈಮ್‌ಶಿಫ್ಟ್’ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ ತೆಗೆಯುವ ಹಾಗೆ ಇಟ್ಟೆವು. ಯಾವುದೋ ಅಪ್‌ಡೇಟ್‌ನಿಂದ ತೊಂದರೆಯಾದರೆ ಹಿಂದಿನ ಸ್ಥಿತಿಗೆ ಹೋಗಬಹುದು.

ಈಗ ಅರ್ಧ ನಿಮಿಷದೊಳಗೆ ಡೆಸ್ಕ್‌ಟಾಪ್ ಬರುತ್ತದೆ. ಇದರಲ್ಲಿ ಎಸ್‌ಎಸ್‌ಡಿಯ ಪಾಲು ಎಷ್ಟು, ಮಿಂಟಿನದ್ದೆಷ್ಟು ಎಂದು ಕೇಳಿದರೆ, ದೊಡ್ಡ ಪಾಲು ಎಸ್‌ಎಸ್‌ಡಿಯದ್ದೇ ಎನ್ನುತ್ತೇನೆ.

ನುಡಿ ಫೈಲುಗಳು

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ನಿಜವಾದ ತಲೆನೋವು ಶುರುವಾದದ್ದು ಯಜಮಾನರು ಹಳೆಯ ಆಮಂತ್ರಣವೊಂದನ್ನು ಲಿಬ್ರೆಆಫೀಸಿನಲ್ಲಿ ತೆರೆದಾಗ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಅದರ ನೆತ್ತಿಯ ಮೇಲೆ ಚುಕ್ಕಿ, ಗೀಟು, ಟೋಪಿ. ‘ಎಲ್ಲ ಹೋಯಿತಲ್ಲ!’ ಎಂದು ಅವರ ಮುಖ ಸಣ್ಣದಾಯಿತು.

ಏನೂ ಹೋಗಿರಲಿಲ್ಲ. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಹೊರಬರುತ್ತದೆ. ಹಳೆಯ ಡಿಸ್ಕಿನಿಂದ ಕಾಪಿ ಮಾಡಿದ್ದರಲ್ಲಿ ನುಡಿಯ ಫಾಂಟ್ ಫೈಲುಗಳೂ ಇದ್ದವು. ಒಂದೊಂದನ್ನೇ ಡಬಲ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದೆವು. ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಆಮಂತ್ರಣ ಇದ್ದ ಹಾಗೇ ಇತ್ತು.

ಆದರೆ ಹೊಸದನ್ನು ಇನ್ನೂ ಹಾಗೇ ಬರೆಯುತ್ತಾ ಹೋಗುವುದು ಬೇಡ ಎಂದೆ. ಆ ಪಠ್ಯವನ್ನು ವಾಟ್ಸಾಪಿಗೆ ಹಾಕಲಾಗುವುದಿಲ್ಲ, ಹುಡುಕಲಾಗುವುದಿಲ್ಲ, ಬೇರೆಯವರ ಮೊಬೈಲಿನಲ್ಲಿ ಕಾಣುವುದಿಲ್ಲ. ಮತ್ತೆ ಬೇಕಾಗುವ ಫೈಲುಗಳನ್ನು ಮಾತ್ರ ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡರು. ಅರ್ಕಾವತ್ತು ಬರುವಲ್ಲಿ, ದೊಡ್ಡ ಒತ್ತಕ್ಷರಗಳಲ್ಲಿ ಪರಿವರ್ತಕ ಎಡವುತ್ತದೆ. ದಾನಿಗಳ ಹೆಸರಿನ ಪಟ್ಟಿಯನ್ನಂತೂ ಒಮ್ಮೆ ಕಣ್ಣಲ್ಲಿ ಓದಲೇಬೇಕು. ಹೆಸರು ತಪ್ಪಾಗಿ ಅಚ್ಚಾದರೆ ಊರಿನಲ್ಲಿ ಏನಾಗುತ್ತದೆಂದು ಕಾರ್ಯದರ್ಶಿಗಳಿಗೆ ಗೊತ್ತು.

ಟೈಪ್ ಮಾಡುವುದು ಹೇಗೆ? ಅವರ ಬೆರಳಿಗೆ ನುಡಿಯ ಕೀಲಿಮಣೆ ಅಂಟಿಕೊಂಡಿದೆ, ಎಫ್ ಒತ್ತಿ ಒತ್ತಕ್ಷರ ಮಾಡುವುದು. ಲಿನಕ್ಸಿನಲ್ಲಿ ಅದೇ ಇದೆ. ‘ಸಾಫ್ಟ್‌ವೇರ್ ಮ್ಯಾನೇಜರ್’ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಕನ್ನಡದ ಅಡಿಯಲ್ಲಿ ‘ಕೆಜಿಪಿ’ ಆರಿಸಿದರೆ ಆಯಿತು. ಕನ್ನಡ ಗಣಕ ಪರಿಷತ್ತಿನ ಜೋಡಣೆ ಅದು. ಸ್ವಲ್ಪ ಹೊತ್ತು ಟೈಪ್ ಮಾಡಿ ನೋಡಿ ‘ಇದು ನಮ್ಮದೇ’ ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಪೂರ್ತಿ ನಂಬಿರಲಿಲ್ಲ ಅಂತ ಕಾಣುತ್ತದೆ.

ಮಗಳಿಗೆ ಬೇಕಾದದ್ದು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ಜೋಡಣೆ. ಅದಕ್ಕೆ ಬೇರೇನೂ ಹಾಕಬೇಕಾಗಿಲ್ಲ, ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತೀಯ ಪಟ್ಟಿಯಿಂದ ಕನ್ನಡ ಸೇರಿಸಿದರೆ ಸಾಕು. ಕಾಸರಗೋಡಿನವರಿಗೆ ಇನ್‌ಸ್ಕ್ರಿಪ್ಟಿನಿಂದ ಒಂದು ವಿಶೇಷ ಲಾಭ ಉಂಟು. ಎಲ್ಲ ಭಾರತೀಯ ಭಾಷೆಗೂ ಬೆರಳಿನ ಜಾಗ ಒಂದೇ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮಲಯಾಳದ ‘ಕ’ವೂ ಇರುತ್ತದೆ. ಒಂದು ಕಲಿತರೆ ಎರಡೂ ಬಂತು. ಅಕ್ಕನ ಕುಟುಂಬಶ್ರೀ ಕಾಗದಪತ್ರ ಹೆಚ್ಚಿನದು ಮಲಯಾಳದಲ್ಲೇ ಬರುವುದು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಫಾಂಟುಗಳನ್ನೂ ಹಾಕಿಕೊಂಡೆವು, ಮಂಜರಿ, ರಚನಾ ಎಲ್ಲ. ಕನ್ನಡಕ್ಕೆ ಗುಬ್ಬಿ, ನವಿಲು.

ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020. ಇದಕ್ಕೆ ಎಚ್‌ಪಿಲಿಪ್ (ಲಿನಕ್ಸಿಗೆಂದು ಇರುವ ಎಚ್‌ಪಿ ಪ್ರಿಂಟರ್ ತಂತ್ರಾಂಶ) ಜೊತೆ ಒಂದು ಹೆಚ್ಚಿನ ಪ್ಲಗಿನ್ ಬೇಕು, ಏಕೆಂದರೆ ಈ ಮಾದರಿ ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ (ತಾನು ನಡೆಯಲು ಬೇಕಾದ ತಂತ್ರಾಂಶ) ತೆಗೆದುಕೊಳ್ಳುತ್ತದೆ. ಪ್ಲಗಿನ್ ಹಾಕಿದ ಮೇಲೆ ತಕರಾರಿಲ್ಲ. ನಿಮ್ಮಲ್ಲಿ ಬೇರೆ ಪ್ರಿಂಟರ್ ಇದ್ದರೆ ಪೆನ್‌ಡ್ರೈವ್ ಹಂತದಲ್ಲೇ ಅದನ್ನೂ ಸಿಕ್ಕಿಸಿ ನೋಡಿ.

ಮೊದಲ ಕೆಲವು ವಾರ

ಫೋನು ಬಂದದ್ದೆಲ್ಲ ಯಜಮಾನರಿಂದ. ಮೊದಲನೆಯದು: ‘ಒಂದು ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿದೆ, ಒತ್ತಿದರೆ ಎಂತದೂ ಆಗುವುದಿಲ್ಲ.’ ಅದು ವಿಂಡೋಸಿನ ಇಎಕ್ಸ್‌ಇ ಫೈಲು. ವಿಂಡೋಸಿನಿಂದ ಬರುವವರು ಬಿಡಬೇಕಾದ ಅಭ್ಯಾಸ ಇದೊಂದೇ. ಇಲ್ಲಿ ತಂತ್ರಾಂಶವನ್ನು ಊರೆಲ್ಲ ಹುಡುಕಿ ತರುವುದಿಲ್ಲ, ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹೆಸರು ಟೈಪ್ ಮಾಡುವುದು. ರೇಷನ್ ಅಂಗಡಿಯ ಹಾಗೆ, ಎಲ್ಲ ಒಂದೇ ಕಡೆ, ತೂಕ ನೋಡಿ ಕೊಟ್ಟದ್ದು. ಆಂಟಿವೈರಸ್ ಕೊಳ್ಳಬೇಕಾ ಎಂದೂ ಕೇಳಿದರು. ದುಡ್ಡು ಕೊಡಬೇಡಿ, ಮೂಲೆಯಲ್ಲಿ ಅಪ್‌ಡೇಟ್ ಚಿಹ್ನೆ ಬಂದಾಗ ಒತ್ತಿ ಎಂದೆ.

ಅಕ್ಕನಿಂದ ಫೋನೇ ಇಲ್ಲ. ಅವರ ಎಕ್ಸೆಲ್ ಫೈಲು ಲಿಬ್ರೆಆಫೀಸಿನ ಕ್ಯಾಲ್ಕ್‌ನಲ್ಲಿ ಹಾಗೇ ತೆರೆದುಕೊಂಡಿತು, ಕೂಡಿಸುವುದು ಕಳೆಯುವುದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಮಗಳ ತಂತ್ರಾಂಶದಲ್ಲಿ ಸಣ್ಣ ಎಡವಟ್ಟುಗಳು ಇದ್ದವು. ಮಿಂಟಿನ ಸಾಮಾನ್ಯ ಭಂಡಾರದಲ್ಲಿರುವ ಜಿಯೋಜೀಬ್ರಾ ತುಂಬಾ ಹಳೆಯದು, 4.0. ಅದನ್ನು ತೆಗೆದು ಬ್ರೌಸರಿನಲ್ಲೇ ನಡೆಯುವ ಹೊಸದನ್ನು ಬಳಸುತ್ತಿದ್ದಾಳೆ. ಇಂಕ್‌ಸ್ಕೇಪ್ ಉಬುಂಟು 22.04ರ ಭಂಡಾರದಲ್ಲಿ 1.1, ಇಲ್ಲಿ 1.2. ಕೆಲಸ ಅದೇ, ಕೆಲವು ಕಿಟಕಿಗಳು ಕಾಣುವ ರೀತಿ ಬೇರೆ. ‘ಪರೀಕ್ಷೆಗೆ ಮುಂಚೆ ಶಾಲೆಯ ಲ್ಯಾಬಿನಲ್ಲೇ ಒಮ್ಮೆ ಎಲ್ಲ ಮಾಡಿ ನೋಡು’ ಎಂದು ಹೇಳಿದ್ದೇನೆ. ಕೈಟ್ ಲಿನಕ್ಸ್ ಹಾಕಿದ್ದರೆ ಈ ಮಾತು ಬೇಕಿರಲಿಲ್ಲ, ಅವಳು ಅದನ್ನು ನೆನಪಿಸದೆ ಬಿಡುವುದಿಲ್ಲ. ಹೈಸ್ಕೂಲು ಮಕ್ಕಳೇ ಮುಖ್ಯವಾಗಿ ಬಳಸುವ ಮನೆಯಾದರೆ ನಾನೂ ಅವಳ ಪಕ್ಷವೇ.

ಬ್ಲೂಟೂತ್ ಇನ್ನೂ ಆಗಿಲ್ಲ. ಅದೇ ಬ್ರಾಡ್‌ಕಾಮ್ ಚಿಪ್ಪಿನ ಬ್ಲೂಟೂತ್ ಭಾಗಕ್ಕೆ ಬೇರೆ ಫರ್ಮ್‌ವೇರ್ ಫೈಲು ಹುಡುಕಿ ಹಾಕಬೇಕು. ಮನೆಯಲ್ಲಿ ಯಾರೂ ಕೇಳಿಲ್ಲ, ನಾನೂ ಮುಟ್ಟಿಲ್ಲ. ದೊಡ್ಡ ಬ್ಯಾಟರಿ ಬದಲಿಸಿಲ್ಲ.

ಇದನ್ನು ನೋಡಿ ಪಕ್ಕದ ಮನೆಯವರೊಬ್ಬರು ತಮ್ಮ ಲ್ಯಾಪ್‌ಟಾಪ್ ತಂದರು. ಅದೂ ಹೆಚ್ಚುಕಡಿಮೆ ಅದೇ ವಯಸ್ಸಿನದ್ದು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ, ಎರಡು ಅಂಗಡಿಯ ಟ್ಯಾಲಿ ಲೆಕ್ಕ, ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿ ಜಿಎಸ್‌ಟಿ ಕೆಲಸ. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಅದನ್ನು ಲಿನಕ್ಸಿನಲ್ಲಿ ನಡೆಸಲು ಹೆಣಗುವುದು ಹೊಸಬರ ಕೆಲಸ ಅಲ್ಲ, ಇನ್ನೊಬ್ಬರ ಲೆಕ್ಕ ಇರುವಾಗಲಂತೂ ಬೇಡ. ಅವರಿಗೆ ಎಸ್‌ಎಸ್‌ಡಿ ಮಾತ್ರ ಹಾಕಿಸಿಕೊಳ್ಳಿ ಎಂದೆ. ಮೈಕ್ರೋಸಾಫ್ಟಿನ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಅದರಲ್ಲೇ ಹೆಸರು ನೋಂದಾಯಿಸಿಕೊಟ್ಟೆ. 2026ರ ಅಕ್ಟೋಬರ್ 13ರವರೆಗೆ ಅದು ಬರುತ್ತದೆ. ಅಷ್ಟರೊಳಗೆ ಹೊಸ ಲ್ಯಾಪ್‌ಟಾಪಿಗೆ ದುಡ್ಡು ಹೊಂದಿಸುತ್ತೇನೆ ಎಂದಿದ್ದಾರೆ.